ಬಿಲ್ಲಿನಲ್ಲಿ ‘ರ‍್ಯಾಮ್ 8 ಜಿಬಿ’ ಅಂತ ಬರೆದರೆ ಸಾಲದು

ನಂಜನಗೂಡು, ಎಚ್.ಡಿ. ಕೋಟೆ, ತಿ. ನರಸೀಪುರದ ಕಡೆಯಿಂದ ಮಕ್ಕಳ ಓದಿಗೋ, ಗ್ರಾಮ ಒನ್ ಕೇಂದ್ರಕ್ಕೋ ಕಂಪ್ಯೂಟರ್ ಬೇಕೆಂದರೆ ಮೈಸೂರಿಗೇ ಬರಬೇಕು. ಹಲವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಅಂಗಡಿಯಲ್ಲಿ ಕೇಳಿಸುವ ಮಾತು, ‘ಎಂಟು ಜಿಬಿ ಹಾಕಿದ್ದೀವಿ, ಮೂರು ಸಾವಿರದ ಇನ್ನೂರು ಸ್ಪೀಡು ಸಾರ್.’ ಬಿಲ್ಲಿನಲ್ಲಿ ಮಾತ್ರ ‘ರ‍್ಯಾಮ್ 8 ಜಿಬಿ’ ಅಂತಷ್ಟೇ ಇರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದೆ. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಸೆಳೆದುಕೊಳ್ಳುತ್ತಿರುವುದು ಅದಕ್ಕೆ ದೊಡ್ಡ ಕಾರಣ. ಇಂಥ ಹೊತ್ತಿನಲ್ಲಿ ಬಾಯಿಮಾತನ್ನು ನಂಬಿ ದುಡ್ಡು ಎಣಿಸಬಾರದು ಎಂಬುದು ನಮ್ಮ ವಾದ.

ಮೊದಲು ಈ 3200 ಏನೆಂದು ನೋಡೋಣ. ಇಬ್ಬರು ಹಿಡಿದು ಮರ ಕೊಯ್ಯುವ ಗರಗಸ ಎಳೆದಾಗಲೂ ಕೊಯ್ಯುತ್ತದೆ, ತಳ್ಳಿದಾಗಲೂ ಕೊಯ್ಯುತ್ತದೆ. ಡಿಡಿಆರ್ ರ‍್ಯಾಮ್ ಕೆಲಸವೂ ಹಾಗೇ: ಗಡಿಯಾರದ ಒಂದೊಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ. ಬಡಿತ ಸೆಕೆಂಡಿಗೆ 160 ಕೋಟಿ, ಅಂದರೆ 1600 ಮೆಗಾಹರ್ಟ್ಜ್; ಸಾಗಣೆ 320 ಕೋಟಿ ಸಲ. ಡಿಡಿಆರ್4-3200 ಎಂಬ ಹೆಸರು ಬಂದದ್ದು ಸಾಗಣೆಯ ಲೆಕ್ಕದಿಂದ. ಸಿಪಿಯು-ಜೆಡ್ ಎಂಬ ತಂತ್ರಾಂಶ ಬಡಿತವನ್ನು ತೋರಿಸುವುದರಿಂದ ಅದರಲ್ಲಿ 1600ರ ಆಸುಪಾಸು ಕಾಣುತ್ತದೆ. ಅರ್ಧಕ್ಕರ್ಧ ಮೋಸವಾಯಿತು ಅಂತ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ, ಅದು ಸರಿಯಾಗೇ ಇದೆ.

ರ‍್ಯಾಮ್ ಪಟ್ಟಿಯ ಸ್ಟಿಕ್ಕರ್ ಇನ್ನೊಂದು ಗೊಂದಲ. ಕೆಲವದರಲ್ಲಿ ಪಿಸಿ4-19200 ಅಂತ ಇರುತ್ತದೆ. ಅಬ್ಬಾ, ಹತ್ತೊಂಬತ್ತು ಸಾವಿರ! ಅದನ್ನು 8ರಿಂದ ಭಾಗಿಸಿ: 2400. ಒಂದು ಸಲಕ್ಕೆ 8 ಬೈಟ್ ಸಾಗುತ್ತದೆ, ಆದ್ದರಿಂದ ಆ ದೊಡ್ಡ ಅಂಕಿ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂಬುದರದು. 3200ರ ಪಟ್ಟಿಯ ಮೇಲೆ ಪಿಸಿ4-25600 ಎಂದಿರಬಹುದು, ಇಲ್ಲವೇ ನೇರವಾಗಿ ಪಿಸಿ4-3200 ಎಂದೇ ಇರಬಹುದು. ಎರಡೂ ಒಂದೇ ಸರಕು.

ಪಟ್ಟಿ 3200ರದ್ದಾದರೂ ಯಂತ್ರ ಅಷ್ಟು ಓಡಿಸಬೇಕಲ್ಲ. ಇಂಟೆಲ್ ಆರನೇ ತಲೆಮಾರಿನ ಐ5-6300ಯು ಡಿಡಿಆರ್4ನ್ನು 2133ರವರೆಗೆ, ಎಂಟನೇ ತಲೆಮಾರಿನ ಐ5-8250ಯು 2400ರವರೆಗೆ ಮಾತ್ರ ಓಡಿಸುತ್ತದೆ. ಇಂಥ ಲ್ಯಾಪ್‌ಟಾಪಿಗೆ 3200ರ ಪಟ್ಟಿ ಹಾಕಿದರೆ ಕೆಟ್ಟುಹೋಗುವುದಿಲ್ಲ, ಆದರೆ ‘ಹೆಚ್ಚು ಸ್ಪೀಡು’ ಅಂತ ಹೆಚ್ಚು ದುಡ್ಡು ಕೇಳಿದರೆ ಕಿವಿಗೆ ಹೂವು ಇಡುತ್ತಿದ್ದಾರೆ ಎಂದೇ ತಿಳಿಯಿರಿ. 2400ರ ಜೊತೆ 3200 ಸೇರಿಸಿದರೂ ಅಷ್ಟೇ. ಒಂದೇ ನೊಗಕ್ಕೆ ಕಟ್ಟಿದ ಮೇಲೆ ಚುರುಕಿನ ಎತ್ತು ನಿಧಾನದ ಎತ್ತಿನ ಹೆಜ್ಜೆಗೇ ಹೊಂದಬೇಕು.

ನಿಜ ಹೇಳಬೇಕೆಂದರೆ, ನುಡಿಯಲ್ಲಿ ಟೈಪ್ ಮಾಡುವವರಿಗೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವವರಿಗೆ 2666ಕ್ಕೂ 3200ಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 4 ಜಿಬಿಯಿಂದ 8 ಜಿಬಿಗೆ ಹೋದರೆ, ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಗೊತ್ತಾಗುತ್ತದೆ. ದುಡ್ಡು ಅಲ್ಲಿಗೆ ಹೋಗಲಿ.

ಅಂಗಡಿಯಲ್ಲೇ, ದುಡ್ಡು ಕೊಡುವ ಮುನ್ನ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಒಟ್ಟು ಎಷ್ಟು ಜಿಬಿ, ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ತುಂಬಿವೆ, ಎಲ್ಲವೂ ಅಲ್ಲೇ ಇರುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರಿಸುವುದಿಲ್ಲ, ತಾವೇ ತೋರಿಸುತ್ತಾರೆ.

ಬಿಲ್ಲಿನಲ್ಲಿ ‘ಡಿಡಿಆರ್4, 8 ಜಿಬಿ, 2400, ಒಂದು ಪಟ್ಟಿ’ ಅಂತ ಬರೆಯಲು ಅರ್ಧ ಸಾಲು ಸಾಕು. ಅಷ್ಟನ್ನು ಕೇಳುವುದು ಗಿರಾಕಿಯ ಅಹಂಕಾರವಲ್ಲ. ಸರಕಿನ ಗುಣಮಟ್ಟ, ಪ್ರಮಾಣ, ಬೆಲೆ ತಿಳಿಯುವ ಹಕ್ಕು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದಾದರೆ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಮೊದಲು ಕೇಳುವುದೇ ಬಿಲ್ಲು.