ಹುಳುವಿನ ಮೇವೂ ಬೂಷ್ಟಿನ ವಿಷವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಚಗಳಿ ಇರುವೆಯ ಚಟ್ನಿ ಹೊಸದಲ್ಲ. 2024ರಲ್ಲಿ ಒಡಿಶಾದ ಮಯೂರ್‌ಭಂಜದ ಕೆಂಪಿರುವೆ ಚಟ್ನಿಗೆ ಭೌಗೋಳಿಕ ಗುರುತು ದೊರೆತುದನ್ನು ಕೇಳಿ ಬೆರಗಾಗಲು ಮಲೆನಾಡಿಗರಿಗೆ ಕಾರಣವಿರಲಿಲ್ಲ. ಆದುದರಿಂದ ಕೀಟವು ಆಹಾರವಾಗಬಹುದೇ ಎಂಬ ಚರ್ಚೆಯು ನಮಗೆ ಅನಾವಶ್ಯಕ. ನಮ್ಮ ಮುಂದಿರುವ ಪ್ರಶ್ನೆಯೇ ಬೇರೆ. ಚಗಳಿಯು ತನ್ನ ಆಹಾರವನ್ನು ಮರದ ಮೇಲೆ ತಾನೇ ಅರಸಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಸಾಕಿದ ಹುಳುವಾದರೋ ನಾವು ಹಾಕಿದ್ದನ್ನೇ ತಿನ್ನಬೇಕು. ಹಾಕಿದ ಮೇವೇ ಬೂಷ್ಟು ಹಿಡಿದಿದ್ದರೆ ಗತಿಯೇನು?

ಬೂಷ್ಟಿನ ವಿಷವನ್ನು ಹಗುರವಾಗಿ ಎಣಿಸುವಂತಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿಯನ್ನು ತಿಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತುವು. ಅಫ್ಲಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದುದು ಆಗಲೇ. 1974ರಲ್ಲಿ ಅದೇ ವಿಷವು ಮೆಕ್ಕೆಜೋಳದ ಮೂಲಕ ರಾಜಸ್ಥಾನ, ಗುಜರಾತುಗಳಲ್ಲಿ ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ತೆಗೆಯಿತು.

ಕಾಫಿಗೆ ಅಂಟುವ ವಿಷದ ಹೆಸರು ಆಕ್ರಟಾಕ್ಸಿನ್. ಇದು ಮೂತ್ರಪಿಂಡಕ್ಕೆ ಕೇಡು. ಕಣದಲ್ಲಿ ಹರಡಿದ ಹಣ್ಣು ಬೇಗನೆ ಒಣಗದೆ ಅಕಾಲದ ಮಳೆಗೆ ನೆನೆದರೆ ಬೂಷ್ಟು ಬೆಳೆಯುತ್ತದೆ. ಬೀಜಕ್ಕಿಂತ ಸಿಪ್ಪೆಯಲ್ಲಿ ವಿಷವು ಹೆಚ್ಚಾಗಿ ನಿಲ್ಲುವುದುಂಟು. ಐರೋಪ್ಯ ಒಕ್ಕೂಟವು ಹುರಿದ ಕಾಫಿಯಲ್ಲಿ ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿದ್ದ ಮಿತಿಯನ್ನು 2023ರಿಂದ 3ಕ್ಕೆ ಇಳಿಸಿದೆ. ಬೀಜಕ್ಕೆ ಇಷ್ಟು ಕಟ್ಟುನಿಟ್ಟಿರುವಾಗ, ಸಿಪ್ಪೆಯನ್ನು ಹುಳುಗಳಿಗೆ ಉಣಿಸಿ, ಆ ಹುಳುಗಳನ್ನು ಕೋಳಿಗೂ ಮೀನಿಗೂ ಕೊನೆಗೆ ಮನುಷ್ಯನಿಗೂ ಬಡಿಸಬೇಕೆನ್ನುವವರು ವಿಚಾರಮಾಡಬೇಡವೇ?

ವೃಥಾ ಭಯವನ್ನು ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುಗಳಿಗೆ ವಿಷಪೂರಿತ ಮೇವನ್ನು ಕೊಟ್ಟು ಯೂರೋಪಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ ಅಫ್ಲಟಾಕ್ಸಿನ್ನಾಗಲಿ ಆಕ್ರಟಾಕ್ಸಿನ್ನಾಗಲಿ ಹುಳುವಿನ ಮೈಯಲ್ಲಿ ಸಂಚಯವಾಗಲಿಲ್ಲ. ಆದರೆ ವಿಷದ ಒಂದು ಭಾಗವು ಹಿಕ್ಕೆ ಮತ್ತು ಉಳಿದ ಮೇವಿನಲ್ಲಿ ಸಿಕ್ಕಿತು. ಇನ್ನೊಂದು ಭಾಗದ ಲೆಕ್ಕವೇ ಸಿಕ್ಕಲಿಲ್ಲ. ಅದು ಬೇರೆ ರೂಪಕ್ಕೆ ತಿರುಗಿದ್ದರೆ ಆ ರೂಪವು ನಿರಪಾಯವೆಂದು ಹೇಳುವವರಾರು? ಹುಳುವು ವಿಷವನ್ನು ಜೀರ್ಣಿಸಿಕೊಂಡೀತೆಂದು ಕೆಟ್ಟ ಮೇವನ್ನು ಹಾಕುವುದು ವಿವೇಕವಲ್ಲ. ಐರೋಪ್ಯರು ಆಹಾರಕ್ಕಾಗಿ ಸಾಕುವ ಕೀಟವನ್ನು ಸಾಕುಪ್ರಾಣಿಯೆಂದೇ ಎಣಿಸಿ, ಮೇವಿನ ನಿಯಮಗಳನ್ನು ಅದಕ್ಕೂ ಅನ್ವಯಿಸಿರುವುದು ಇದರಿಂದಲೇ.

ನಮ್ಮಲ್ಲಿಯೂ ಹಾಗೆಯೇ ಆಗಬೇಕು. ಸಿಪ್ಪೆಯ ಪರೀಕ್ಷೆಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು ಮುಂದಾಗಲಿ. ಹುಳುವಿನ ಮೇವಿಗೆ ಸರಕಾರವು ಮಿತಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಲಿ. ಸಾಕುವವರು ಕೊಯ್ಲಿಗೆ ಮುನ್ನ ಹುಳುಗಳನ್ನು ಉಪವಾಸವಿಟ್ಟು ಹೊಟ್ಟೆಯನ್ನು ಬರಿದುಮಾಡಿ, ಹಿಕ್ಕೆಯನ್ನು ಪರೀಕ್ಷಿಸದೆ ದನಕೋಳಿಗಳಿಗೆ ಹಾಕದಿರಲಿ. ಎಲ್ಲಕ್ಕೂ ಮಿಗಿಲಾಗಿ ಬೆಳೆಗಾರರು ಕಣವನ್ನು ಒಣದಾಗಿ ಇಟ್ಟುಕೊಳ್ಳಲಿ. ಕಣದಲ್ಲಿ ತಡೆಯದ ವಿಷವನ್ನು ತಟ್ಟೆಯಲ್ಲಿ ತಡೆಯುವುದು ಕಷ್ಟ.