ಆಮೆ ಉಪವಾಸ ಮಾಡುತ್ತಿಲ್ಲ

‘ಆಮೆ ತಾನೇ, ಹಾಗೇ ಇರುತ್ತೆ ಬಿಡಿ.’ ಈ ಒಂದು ಮಾತು ಎಷ್ಟು ಆಮೆಗಳನ್ನು ಕೊಂದಿದೆಯೋ ಲೆಕ್ಕ ಇಟ್ಟವರಿಲ್ಲ. ನಾಯಿ ಒಂದು ಹೊತ್ತು ಅನ್ನ ಮುಟ್ಟದಿದ್ದರೆ ಮನೆಮಂದಿಗೆಲ್ಲ ಗಾಬರಿ. ಬೆಕ್ಕು ಮಂಕಾಗಿ ಕೂತರೆ ಬುಟ್ಟಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಆಮೆ ಹದಿನೈದು ದಿನ ಬಾಯಿ ತೆರೆಯದೆ ಮೂಲೆ ಹಿಡಿದರೆ ಮಾತ್ರ ಅದು ಸ್ವಭಾವ, ವಯಸ್ಸು, ವ್ರತ, ಯೋಗ. ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನು ಸ್ಥಿತಪ್ರಜ್ಞನಿಗೆ ಹೋಲಿಸಿದ ಗೀತೆಯನ್ನು ಕೇಳಿ ಬೆಳೆದ ನಾವು, ಕಾಯಿಲೆ ಬಿದ್ದ ಆಮೆಯಲ್ಲೂ ಸ್ಥಿತಪ್ರಜ್ಞನನ್ನೇ ಕಾಣುತ್ತೇವೆ. ನನ್ನ ವಾದ ಇಷ್ಟು: ಉಣ್ಣದೆ, ಕದಲದೆ ಕೂತ ಆಮೆ ಏನೋ ಹೇಳುತ್ತಿದೆ. ಹೆಚ್ಚಿನ ಸಲ ಅದು ಹೇಳುತ್ತಿರುವುದು ನಮ್ಮ ಮನೆಯ ಬಗ್ಗೆ. ಅದನ್ನು ಕೇಳಿಸಿಕೊಳ್ಳಲು ಬಿಡದಿರುವುದು ನಾವು ಅದರ ಬಗ್ಗೆ ಬಳಸುವ ಪದಗಳು.

ನಾನಿರುವ ರಾಯಪುರಂನಲ್ಲಿ ಮನೆಗಳು ಕಿರಿದು, ಗಲ್ಲಿಗಳು ಇನ್ನೂ ಕಿರಿದು. ಕಾಶಿಮೇಡಿನ ಮೀನು ಬಂದರಿನ ಗಾಳಿ ಮನೆಯೊಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ. ನಮ್ಮ ಗಲ್ಲಿಯ ಒಂದು ಮನೆಯ ನೆಲಮಹಡಿಯಲ್ಲಿ, ನೀಲಿ ಪ್ಲಾಸ್ಟಿಕ್ ಟಬ್ಬಿನೊಳಗೆ ಅಂಗೈ ಅಗಲದ ನಕ್ಷತ್ರ ಆಮೆಯೊಂದಿತ್ತು. ದೀಪಾವಳಿ ಕಳೆದು ಹಿಂಗಾರು ಮಳೆ ಹಿಡಿದ ಮೇಲೆ ಅದು ಹಾಕಿದ ಸೌತೆಕಾಯಿಯನ್ನು ಮೂಸಿಯೂ ನೋಡಲಿಲ್ಲ. ‘ಕಾರ್ತಿಗೈ ತಿಂಗಳಲ್ಲವೇ ಅಕ್ಕಾ, ವ್ರತ ಹಿಡಿದಿದೆ’ ಎಂದರು ಮನೆಯಾಕೆ. ತಮಾಷೆಗೇ ಅಂದದ್ದು. ಆದರೆ ವೈದ್ಯರ ಬಳಿಗೆ ಹೋಗಲಿಲ್ಲ. 1903ರಿಂದ ನಡೆಯುತ್ತಿರುವ ಮದ್ರಾಸ್ ಪಶುವೈದ್ಯ ಕಾಲೇಜು ವೇಪೇರಿಯಲ್ಲಿದೆ, ಇಲ್ಲಿಂದ ಕೆಲವೇ ಕಿಲೋಮೀಟರ್. ಹೋಗದಿದ್ದುದಕ್ಕೆ ಕಾರಣ ದೂರವಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ. ಪೊಂಗಲ್‌ಗೆ ಮೊದಲೇ ಆಮೆ ಸತ್ತಿತು.

ತಮಿಳಿನಲ್ಲೊಂದು ಗಾದೆಯಿದೆ: ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗುವುದಿಲ್ಲ. ಅಮೀನ ಎಂದರೆ ಜಪ್ತಿಗೆ ಬರುವ ಕೋರ್ಟಿನ ನೌಕರ. ಪಾಪದ ಪ್ರಾಣಿಯ ಮೇಲೆ ಈ ಅಪವಾದ ಯಾಕೆಂದು ಕೇಳಿದರೆ ಇಲ್ಲಿನವರು ಇನ್ನೊಂದು ಅರ್ಥ ಹೇಳುತ್ತಾರೆ. ಗಾದೆಯ ‘ಆಮೈ’ ಪ್ರಾಣಿಯಲ್ಲವಂತೆ. ಕಲ್ಲಾಮೈ, ಇಲ್ಲಾಮೈ, ಮುಯಲಾಮೈ ಎಂಬ ಪದಗಳ ಬಾಲದಲ್ಲಿರುವ ‘ಆಮೈ’ಯಂತೆ. ಅಂದರೆ ಕಲಿಯದಿರುವುದು, ಇಲ್ಲದಿರುವುದು, ಪ್ರಯತ್ನಿಸದಿರುವುದು. ಭಾಷಾಶಾಸ್ತ್ರ ಓದಿದವರಿಗೆ ಇದು ಗಾದೆಯ ಮೂಲವಾಗಿ ಕಾಣುವುದಿಲ್ಲ, ಜಾಣ ವ್ಯಾಖ್ಯಾನವಾಗಿ ಕಾಣುತ್ತದೆ. ಪ್ರತ್ಯಯವಂತೂ ನಿಜ. ನಮ್ಮ ‘ಅರಿಯಮೆ’ಯ ಕೊನೆಯಲ್ಲಿರುವುದು ಅದರ ಒಡಹುಟ್ಟು. ಉಣ್ಣದಿರುವುದಕ್ಕೆ ತಮಿಳಿನಲ್ಲಿ ‘ಉಣ್ಣಾಮೈ’ ಎನ್ನಬಹುದು. ಉಣ್ಣಾಮೈ ಹಿಡಿದ ಆಮೆಯಿರುವ ಮನೆಯನ್ನು ಹುಡುಕಿ ನೋಡಿ, ಅದಕ್ಕೂ ಮೊದಲು ಅಲ್ಲಿಗೆ ಅರಿಯಮೆ ಹೊಕ್ಕಿರುತ್ತದೆ. ಅದು ಹೊಕ್ಕ ಬಾಗಿಲುಗಳಲ್ಲಿ ಕೆಲವನ್ನು ತೆರೆದವರು ನನ್ನ ಕಸುಬಿನವರೇ, ಅನುವಾದಕರು.

ಮೊದಲ ಬಾಗಿಲು ‘ಶೀತರಕ್ತ ಪ್ರಾಣಿ’. ಶಾಲೆಯ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಈ ಪದವನ್ನು ಕೇಳಿದವರು ಏನೆಂದುಕೊಳ್ಳಬೇಕು? ರಕ್ತವೇ ತಂಪು, ಹಾಗಾಗಿ ತಂಪೇ ಹಿತ. ಅದಕ್ಕೇ ಆಮೆಯನ್ನು ಟೈಲ್ಸ್ ನೆಲದ ಮೇಲೆ, ಬಚ್ಚಲ ಪಕ್ಕದಲ್ಲಿ, ಎಸಿ ಕೋಣೆಯಲ್ಲಿ ಇಡುತ್ತಾರೆ. ನಿಜ ಇದರ ತಿರುವುಮುರುವು. ಆಮೆಯ ಮೈ ತಾನೇ ಬಿಸಿ ಉಂಟುಮಾಡಿಕೊಂಡು ಕಾಯ್ದುಕೊಳ್ಳುವುದಿಲ್ಲ; ಬಿಸಿಲಿನಿಂದ, ಕಾದ ನೆಲದಿಂದ ಸಾಲ ಪಡೆಯುತ್ತದೆ. ಸಾಲ ಸಿಗದಿದ್ದರೆ ಎಲ್ಲ ವ್ಯವಹಾರವೂ ನಿಲ್ಲುತ್ತದೆ. ನಾರುಳ್ಳ ಸೊಪ್ಪನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿ ಜೀರ್ಣ ಮಾಡಲು ಬಿಸಿ ಬೇಕು, ಸೋಂಕಿನ ಜೊತೆ ಸೆಣಸಲು ಬಿಸಿ ಬೇಕು, ಹಸಿವಾಗುವುದಕ್ಕೂ ಬಿಸಿ ಬೇಕು. ನಕ್ಷತ್ರ ಆಮೆಗೆ ಹಗಲಿನಲ್ಲಿ 28ರಿಂದ 32 ಡಿಗ್ರಿಯ ಆಸುಪಾಸು ಇರಬೇಕು, ಮೈ ಕಾಯಿಸಿಕೊಳ್ಳಲು ಒಂದು ಮೂಲೆ ಇನ್ನಷ್ಟು ಬೆಚ್ಚಗಿರಬೇಕು. ಜೊತೆಗೆ ಸೂರ್ಯನ ಅತಿನೇರಳೆ ಕಿರಣ. ಅದಿಲ್ಲದೆ ಡಿ3 ಜೀವಸತ್ವ ಸಾಲದು, ಡಿ3 ಇಲ್ಲದೆ ಸುಣ್ಣದಂಶ ಮೈಗೆ ಹತ್ತದು. ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೋಲುತ್ತದೆ, ದವಡೆಗೆ ಕಚ್ಚುವ ಶಕ್ತಿ ಹೋಗುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬೆಳಕು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಟ್ಟಿರುತ್ತದೆ. ‘ಶೀತರಕ್ತ’ ಎಂಬ ಪದವನ್ನು ಪಠ್ಯಪುಸ್ತಕಗಳಿಂದ ಕಿತ್ತು ‘ಹೊರಗಿನ ಬಿಸಿ ನಂಬಿದ ಪ್ರಾಣಿ’ ಎಂದು ಬರೆದರೆ ಉದ್ದವಾದೀತು. ಆಗಲಿ.

ಎರಡನೆಯ ಬಾಗಿಲು ‘ಶಿಶಿರನಿದ್ರೆ’. ಯುರೋಪಿನಲ್ಲಿ ಸಾಕುವ ಮೆಡಿಟರೇನಿಯನ್ ಸೀಮೆಯ ಆಮೆಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗುತ್ತವೆ. ಅಲ್ಲಿನವರಿಗಾಗಿ ಬರೆದ ಸಲಹೆ ಇಂಗ್ಲಿಷಿನಿಂದ ನಮ್ಮ ಭಾಷೆಗಳಿಗೆ ಇಳಿಯುವಾಗ ಯಾವ ಆಮೆ, ಯಾವ ಊರು ಎಂಬುದು ದಾರಿಯಲ್ಲೇ ಉದುರಿಹೋಗುತ್ತದೆ. ಉಳಿಯುವುದು ‘ಚಳಿಗಾಲದಲ್ಲಿ ಆಮೆ ನಿದ್ರಿಸುತ್ತದೆ, ಎಬ್ಬಿಸಬೇಡಿ’ ಎಂಬ ವಾಕ್ಯ. ನಮ್ಮ ನಕ್ಷತ್ರ ಆಮೆಗೆ ಆ ನಿದ್ರೆಯಿಲ್ಲ. ಅದು ಆಂಧ್ರ, ತಮಿಳುನಾಡು ಮತ್ತು ಕರ್ನಾಟಕದ ಒಣಸೀಮೆಯ ಕುರುಚಲು ಕಾಡಿನದು; ಗುಜರಾತ್, ರಾಜಸ್ಥಾನ, ಶ್ರೀಲಂಕಾಗಳಲ್ಲೂ ಇದೆ. ಮಳೆಗಾಲದಲ್ಲಿ ಹುಲ್ಲು ಚಿಗುರಿದಾಗ ಅದು ಅತಿ ಹೆಚ್ಚು ಓಡಾಡುತ್ತದೆ, ಮೇಯುತ್ತದೆ, ಜೊತೆ ಹುಡುಕುತ್ತದೆ. ಮಳೆಗಾಲದಲ್ಲೇ ಅದು ಮಂಕಾಗಿ ಕೂತಿದ್ದರೆ ಅದಕ್ಕೆ ಸಿಕ್ಕಿರುವುದು ಮಳೆಗಾಲವಲ್ಲ, ವಾರಗಟ್ಟಲೆ ಬಿಸಿಲು ಕಾಣದ ತೇವದ ಮೂಲೆ. ಬೇಸಿಗೆಯ ನಡುಹಗಲು ಪೊದೆಯಡಿ ಅಡಗಿ ಸುಮ್ಮನಿರುವುದು ಬೇರೆ. ಅದು ಆರೋಗ್ಯವಂತ ಆಮೆಯ ಜಾಣತನ. ಸಂಜೆ ತಂಪಾದ ಮೇಲೆ ಎದ್ದು ಮೇಯುತ್ತದೆ.

ಮೂರನೆಯದು ‘ಆಮೆ’ ಎಂಬ ಪದವೇ. ನೆಲದ್ದೂ ನೀರಿನದ್ದೂ ನಮಗೆ ಆಮೆಯೇ. ಇದು ಭಾಷೆಯ ಬಡತನವಲ್ಲ, ಕಡಲಾಮೆ ಎಂದು ಸಮಾಸ ಮಾಡಲು ಕನ್ನಡಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಸಲಹೆ ಕೊಡುವವರು ಸಮಾಸ ಮಾಡುವುದಿಲ್ಲ. ಹಾಗಾಗಿ ನೆಲದ ನಕ್ಷತ್ರ ಆಮೆ ನೀರು ತುಂಬಿದ ಟಬ್ಬಿನಲ್ಲಿ ನೆನೆದು ಶ್ವಾಸಕೋಶದ ಸೋಂಕು ಹತ್ತಿಸಿಕೊಳ್ಳುತ್ತದೆ. ಅಕ್ವೇರಿಯಂ ಅಂಗಡಿಯಿಂದ ತಂದ ಕೆಂಪು ಕಿವಿಯ ಆಮೆ, ಅಮೆರಿಕದ ಮಿಸಿಸಿಪಿ ಸೀಮೆಯ ನೀರಾಮೆ, ಹತ್ತಿ ಕೂರಲು ಒಂದು ಒಣ ಕಲ್ಲೂ ಇಲ್ಲದೆ ಗಾಜಿನ ತೊಟ್ಟಿಯಲ್ಲಿ ಈಜುತ್ತಲೇ ಇರುತ್ತದೆ. ಬರೀ ಒಣಸೀಗಡಿ ತಿಂದು ಎ ಜೀವಸತ್ವದ ಕೊರತೆಯಾದರೆ ಅದರ ರೆಪ್ಪೆ ಊದಿ ಕಣ್ಣು ಮುಚ್ಚುತ್ತದೆ. ಕಾಣದ ಊಟವನ್ನು ಅದು ತಿನ್ನುವುದಾದರೂ ಹೇಗೆ? ಅದಕ್ಕೂ ಹೆಸರು ‘ಹಸಿವಿಲ್ಲ’.

ಆಮೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು ಎಂದು ವಾದಿಸುವವರಿದ್ದಾರೆ. ಬದುಕಿರಬಲ್ಲದು, ನಿಜ. ಅಪಾಯ ಇರುವುದೇ ಅಲ್ಲಿ. ನಿಧಾನಕ್ಕೆ ಸಾಯುವ ಪ್ರಾಣಿಯ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹಳೆಯದಾಗಿರುತ್ತದೆ. ಆದ್ದರಿಂದ ಮುಖಭಾವ ಓದುವುದನ್ನು ಬಿಟ್ಟು ಅಡುಗೆಮನೆಯ ತಕ್ಕಡಿ ತನ್ನಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ತಿನ್ನುವುದು ಕಡಿಮೆಯಾದರೂ ತೂಕ ನಿಂತಲ್ಲೇ ಇದ್ದರೆ ಮೊದಲು ಬಿಸಿ, ಬೆಳಕು ಸರಿಮಾಡಿ. ತೂಕ ಇಳಿಯುತ್ತಿದ್ದರೆ ಕಾಯಬೇಡಿ. ಮುಟ್ಟಿದಾಗ ಕಾಲನ್ನು ಗಟ್ಟಿಯಾಗಿ ಒಳಗೆಳೆದುಕೊಳ್ಳದೆ ಜೋಲುಬಿಟ್ಟರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆದರೆ, ನೀರಾಮೆ ಒಂದು ಮಗ್ಗುಲಿಗೆ ವಾಲಿ ತೇಲಿದರೆ ಅದೇ ದಿನ ವೈದ್ಯರು ನೋಡಬೇಕು. ಆಮೆಗೆ ನಮ್ಮಂತೆ ವಪೆಯಿಲ್ಲ, ಕೆಮ್ಮಿ ಕಫ ಹೊರಹಾಕಲಾರದು. ಮೂತ್ರಕೋಶದ ಕಲ್ಲು, ಜಂತುಹುಳು, ಹೊಟ್ಟೆಯಲ್ಲೇ ಸಿಕ್ಕಿಕೊಂಡ ಮೊಟ್ಟೆ, ನುಂಗಿದ ಪ್ಲಾಸ್ಟಿಕ್ ಇವೆಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ: ಮಂಕು, ಹಸಿವಿಲ್ಲ. ಒಳಗೇನಿದೆ ಎಂದು ಹೇಳಲು ಮಲಪರೀಕ್ಷೆ, ಎಕ್ಸ್-ರೇ ಬೇಕು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಕೊಂಚವೇ. ಬೆಚ್ಚಗಿಡಿ. ನೆಲದ ಆಮೆಯನ್ನು ಗಲ್ಲ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಒರೆಸಿ. ತಣ್ಣಗಿರುವ ಆಮೆಯ ಬಾಯಿಗೆ ಊಟ ತುರುಕಬೇಡಿ, ಅರಗದ ಊಟ ಒಳಗೇ ಕೊಳೆಯುತ್ತದೆ. ನಾಯಿಗೂ ದನಕ್ಕೂ ಹುಳುವಿಗೆಂದು ಕೊಡುವ ಐವರ್‌ಮೆಕ್ಟಿನ್ ಆಮೆಯ ಪ್ರಾಣ ತೆಗೆಯಬಲ್ಲದು. ಮೆಡಿಕಲ್ ಅಂಗಡಿಯವರು ಕೊಟ್ಟರೂ ಹಾಕಬೇಡಿ. ಚೇತರಿಸಿಕೊಂಡ ನಕ್ಷತ್ರ ಆಮೆಗೆ ಮೊಸರನ್ನ, ಬಿಸ್ಕತ್ತು ಬೇಡ. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ ಸಾಕು.

ಈಗ ವೇಪೇರಿಗೆ ಯಾಕೆ ಹೋಗಲಿಲ್ಲ ಎಂಬ ಮಾತು. ಹೆದರಿಕೆ. ನಕ್ಷತ್ರ ಆಮೆಯನ್ನು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2022ರ ತಿದ್ದುಪಡಿಯಲ್ಲಿ ಅದು ಮೊದಲ ಅನುಸೂಚಿಗೆ ಸೇರಿತು. 2019ರಲ್ಲಿ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಗೂ ಏರಿತ್ತು. ಕಾಯ್ದೆ ತಪ್ಪೆಂದು ನಾನು ಹೇಳುತ್ತಿಲ್ಲ. ಭಾರತದ ಒಂದೇ ಒಂದು ಸಾಗಾಟ ಕೇಂದ್ರದಿಂದ ವರ್ಷವೊಂದರಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಕದ್ದಿದ್ದಾರೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ‘ಅದೃಷ್ಟ’ಕ್ಕೆಂದು ಕೊಳ್ಳುವ ಪ್ರತಿ ಮನೆಯೂ ಆ ಕಳ್ಳತನದ ಗಿರಾಕಿ. ಆದರೆ ವಿದೇಶೀ ಪ್ರಾಣಿ ಇಟ್ಟುಕೊಂಡವರಿಗೆ 2020ರಲ್ಲಿ ಕೇಂದ್ರ ಸರ್ಕಾರ ಆರು ತಿಂಗಳ ಗಡುವು ಕೊಟ್ಟು, ಕಾಗದಪತ್ರ ಕೇಳದೆ ಘೋಷಿಸಿಕೊಳ್ಳಲು ಬಿಟ್ಟಿತು. ನಮ್ಮದೇ ನೆಲದ ಆಮೆಗೆ ಆ ದಾಕ್ಷಿಣ್ಯ ಸಿಗಲಿಲ್ಲ. ಫಲವಾಗಿ ಶಿಕ್ಷೆ ಅನುಭವಿಸುತ್ತಿರುವುದು ಕದ್ದವರಲ್ಲ, ಕೊಂಡವರೂ ಅಲ್ಲ; ಮಂಚದ ಕೆಳಗೆ ಬಚ್ಚಿಟ್ಟ ಆಮೆ.

ಅರಣ್ಯ ಇಲಾಖೆ ಒಂದು ಅವಧಿ ಗೊತ್ತುಮಾಡಿ, ಮೊಕದ್ದಮೆಯ ಭಯವಿಲ್ಲದೆ ನಕ್ಷತ್ರ ಆಮೆಗಳನ್ನು ಒಪ್ಪಿಸಲು ಅವಕಾಶ ಕೊಡಬೇಕು. ಆ ಪ್ರಕಟಣೆ ಕನ್ನಡ, ತಮಿಳು, ತೆಲುಗಿನಲ್ಲಿ ಮನೆಮಾತಿನಲ್ಲಿ ಬರಬೇಕು. ನಾವು ಕೊಳ್ಳುವುದನ್ನು ಇವತ್ತೇ ನಿಲ್ಲಿಸಬೇಕು. ಸಾಕಾಗಿದೆಯೆಂದು ಕೆಂಪು ಕಿವಿಯ ಆಮೆಯನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಡುವುದು ಪುಣ್ಯವಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಿದೆ. ಈಗಾಗಲೇ ಮನೆಯಲ್ಲಿರುವ ಆಮೆ ತಿನ್ನುತ್ತಿಲ್ಲ ಎಂದು ಯಾರಾದರೂ ನಿಮ್ಮೆದುರು ನಗುತ್ತಾ ಹೇಳಿದರೆ, ನೀವು ನಗಬೇಡಿ. ಹೋದ ವಾರ ಎಷ್ಟು ತೂಗುತ್ತಿತ್ತು, ಈ ವಾರ ಎಷ್ಟು ತೂಗುತ್ತದೆ ಎಂದು ಕೇಳಿ.