ವಿಮಾನ ಹೋಯಿತು, ನುಡಿ ಉಳಿಯಿತು!

ಮಾಲ್ಟಾ ಎಂಬ ದ್ವೀಪ ದೇಶದ ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಜನ ಐದೂವರೆ ಲಕ್ಷದ ಆಸುಪಾಸು. 1964ರಲ್ಲಿ ಬ್ರಿಟಿಷರಿಂದ ಬಿಡುಗಡೆಯಾದ ಈ ನಾಡು 1973ರಲ್ಲೇ ಸ್ವಂತ ವಿಮಾನ ಸಂಸ್ಥೆ ಕಟ್ಟಿತು. ಹೆಸರು ಏರ್ ಮಾಲ್ಟಾ. ಕೈಯಲ್ಲಿ ವಿಮಾನವಿರಲಿಲ್ಲ. ಪಾಕಿಸ್ತಾನದ ಸಂಸ್ಥೆಯಿಂದ ಬಾಡಿಗೆಗೆ ತಂದು 1974ರ ಏಪ್ರಿಲ್ 1ರಂದು ಹಾರಿಸಿಯೇ ಬಿಟ್ಟರು. ಅದು ಶೋಕಿಯಲ್ಲ. ಸುತ್ತ ಸಮುದ್ರ, ರೈಲಿಲ್ಲ, ಹೊರನಾಡಿಗೆ ರಸ್ತೆಯಿಲ್ಲ. ಪ್ರವಾಸಿಗರು ಬಂದರೆ ಅನ್ನ.

ಆದರೆ ಅಗ್ಗದ ಟಿಕೆಟ್ಟಿನ ಕಂಪನಿಗಳ ಪೈಪೋಟಿಯಲ್ಲಿ ಸಂಸ್ಥೆ ನಷ್ಟಕ್ಕೆ ಬಿತ್ತು. 2012ರಲ್ಲಿ 13 ಕೋಟಿ ಯೂರೋ ಸರ್ಕಾರಿ ನೆರವಿಗೆ ಐರೋಪ್ಯ ಒಕ್ಕೂಟ ಒಪ್ಪಿತು. ಮತ್ತೆ ಕೇಳಿದಾಗ ಒಪ್ಪಲಿಲ್ಲ. 2024ರ ಮಾರ್ಚ್ 30ರಂದು ಏರ್ ಮಾಲ್ಟಾ ಬಾಗಿಲು ಮುಚ್ಚಿತು. ಮರುದಿನವೇ ಕೆಎಂ ಮಾಲ್ಟಾ ಏರ್‌ಲೈನ್ಸ್ ಎಂಬ ಹೊಸ ಸರ್ಕಾರಿ ಸಂಸ್ಥೆ ಹಾರಿತು. ಹಳೆಯ ಹೆಸರು ಮಾತ್ರ ಹೋಯಿತು.

ಗೆಳೆಯರೇ, ಇಲ್ಲೇ ಇರುವುದು ಪಾಠ. ಅವರ ವಿಮಾನಕ್ಕೆ ಇಲ್ಲ ಎಂದ ಅದೇ ಒಕ್ಕೂಟ ಅವರ ಮಾತಿಗೆ ಇಲ್ಲ ಎನ್ನಲಾಗಲಿಲ್ಲ! ಏಕೆ? ಮಾಲ್ಟೀಸ್ ನುಡಿ 1934ರಲ್ಲೇ ಆಡಳಿತ ಭಾಷೆ. 1964ರ ಸಂವಿಧಾನದಲ್ಲಿ ರಾಷ್ಟ್ರಭಾಷೆ. 2004ರಲ್ಲಿ ಒಕ್ಕೂಟ ಸೇರುವಾಗ ಅವರು ತಮ್ಮ ನುಡಿಯನ್ನೂ ಕೈಹಿಡಿದು ಒಳಗೆ ಕರೆದೊಯ್ದರು. ಅನುವಾದಕರು ಸಾಲದೆ ಮೂರು ವರ್ಷ ಎಲ್ಲ ಕಾಗದಪತ್ರ ಆ ನುಡಿಗೆ ಬರಲಿಲ್ಲ. ಹಾಗೆಂದು 'ನಮಗೆ ಇಂಗ್ಲಿಷ್ ಬರುತ್ತದೆ, ಬಿಡಿ' ಎಂದು ಹಕ್ಕು ಬಿಟ್ಟುಕೊಟ್ಟರೇ? ಇಲ್ಲ. ಇಂದು ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಮಾಲ್ಟೀಸೂ ಒಂದು.

ನಾವೆಷ್ಟು ಜನ? 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಎಂಟನೇ ಪರಿಚ್ಛೇದದಲ್ಲಿ ಕನ್ನಡದ ಹೆಸರಿದೆ. ಆದರೆ ದೆಹಲಿಯ ಆಡಳಿತ ನಡೆಯುವುದು ಹಿಂದಿ, ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ಹಾರುವ ವಿಮಾನದಲ್ಲಿ ಸುರಕ್ಷತೆಯ ಸೂಚನೆ ಕನ್ನಡದಲ್ಲಿರಲಿ ಎಂದರೆ ನಾವು ಸಂಕುಚಿತರು! ಪ್ರಾಣ ಉಳಿಸುವ ಮಾತು ಅರ್ಥವಾಗಲಿ ಎನ್ನುವುದು ಯಾವ ಸಂಕುಚಿತತೆ ಸ್ವಾಮಿ?

ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು, ಸಂತೋಷ. ನವೆಂಬರಿನಲ್ಲಿ ಬಾವುಟ ಹಾರಿಸೋಣ, ಅದೂ ಸರಿಯೇ. ಆದರೆ ಹೆಸರು, ಬಣ್ಣ ಒಂದೇ ರಾತ್ರಿಯಲ್ಲಿ ಬದಲಾಗುತ್ತವೆ. ಕಾನೂನಿನಲ್ಲಿ ಬರೆಸಿಕೊಂಡ ಹಕ್ಕು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಯುವಕರೇ, ಯುವತಿಯರೇ, ಘೋಷಣೆ ಕೂಗಿದ ಗಂಟಲಿನಲ್ಲೇ ಶಾಸಕರನ್ನು, ಸಂಸದರನ್ನು ಕೇಳಿ: ಕೇಂದ್ರದ ಆಡಳಿತದಲ್ಲಿ ಕನ್ನಡ ಯಾವಾಗ? ಐದೂವರೆ ಲಕ್ಷ ಜನ ಪಡೆದದ್ದನ್ನು ನಾಲ್ಕು ಕೋಟಿ ಜನ ಕೇಳಲೂ ನಾಚಬೇಕೇ?